ಖರಾಬಿನ ಕಂದೀಲಿಗೆ

ಹುಮನಾಬಾದ್
ಮಿರಗ ಮಳೆ ಹಿಡಿದ ಮೂರನೆಯ ದಿನ

ಕಂದೀಲೇ,

ಪತ್ರವನ್ನು 'ಉಭಯ ಕುಶಲೋಪರಿ' ಎಂದು ಶುರು ಮಾಡಬೇಕು ಅಂತ ಅಪ್ಪ ಕಲಿಸಿದ್ದರು. ನಿನಗೆ ಹಾಗೆ ಬರೆಯಲು ಕೈ ಬರಲಿಲ್ಲ. ಇತ್ತ ನಾನು ಕುಶಲ. ಅತ್ತ ನಿನ್ನ ಸುದ್ದಿ ತಿಳಿಯದೆ 17 ವರ್ಷ ಆಯಿತು.

ವಿಳಾಸವೇನೋ ನನ್ನ ಕೈಯಲ್ಲಿದೆ. ಹೋದ ವಾರ ಮಂಠಾಳಕ್ಕೆ ಹೋಗಿ ಪಹಣಿ ತೆಗೆಸಿಕೊಂಡು ಬಂದೆ. ಸರ್ವೆ ನಂಬರು, ಒಟ್ಟು ವಿಸ್ತೀರ್ಣ, ಅದರ ಕೆಳಗೆ ಒಂದು ಸಾಲು: ಖರಾಬು, 1 ಎಕರೆ 11 ಗುಂಟೆ. ಉಳುಮೆಗೆ ಬಾರದ ಕಲ್ಲು ನೆಲ ಎಂದು ಹಿಂದೆ ಯಾವಾಗಲೋ ಅಳತೆಗೆ ಬಂದವರು ಹೊಲದ ಲೆಕ್ಕದಿಂದ ಕಳೆದಿಟ್ಟ ತುಂಡು ಅದು. ಅದಕ್ಕೆ ಕಂದಾಯ ಇಲ್ಲ, ಬೆಳೆಯ ಕಾಲಮಿನಲ್ಲಿ ಅದರ ಸುದ್ದಿ ಇಲ್ಲ. ಖರಾಬು ಎಂದರೆ ಕೆಟ್ಟದ್ದು. ನಮ್ಮ ಕಡೆ ಹಳಸಿದ ಸಾರಿಗೂ ಸುಟ್ಟು ನಿಂತ ಮೋಟರಿಗೂ ಅದೇ ಮಾತು. ನೀನು ಇದ್ದದ್ದು ಆ ಸಾಲಿನೊಳಗೆ. ಅದಕ್ಕೇ ಆ ಸಾಲನ್ನೇ ವಿಳಾಸ ಮಾಡಿಕೊಂಡು ಬರೆಯುತ್ತಿದ್ದೇನೆ.

ಊರಿನಿಂದ ಅರ್ಧ ಹರದಾರಿ. ಕೆಳಗೆ ಎರಿ ಹೊಲ; ತೊಗರಿ, ಉದ್ದು, ಹೆಸರು, ಹಿಂಗಾರಿಗೆ ಜೋಳ. ಏರುತ್ತ ಹೋದ ಹಾಗೆ ಮಣ್ಣು ಕೆಂಪಾಗುತ್ತ, ತೆಳ್ಳಗಾಗುತ್ತ, ಕಡೆಗೆ ಮಣ್ಣೇ ಮುಗಿದು ಜೇನುಹುಟ್ಟಿನಂತೆ ತೂತು ತೂತಾದ ಕೆಂಪು ಕಲ್ಲಿನ ಮಾಳ. ಬೇಸಿಗೆಯಲ್ಲಿ ಅಲ್ಲಿ ಬರಿಗಾಲು ಇಡಲು ಆಗುತ್ತಿರಲಿಲ್ಲ. ಮಿರಗ ಬಿದ್ದು ಎಂಟು ದಿನಕ್ಕೆ ಕಲ್ಲಿನ ತೂತುಗಳಲ್ಲಿ ನೀರು ನಿಂತು, ಹುಲ್ಲು ಚಿಗುರಿ, ಕವಳಿ ಕಂಟಿಯ ಬುಡದಿಂದ ದಾರದಷ್ಟು ಸಣ್ಣ ಬಳ್ಳಿಯೊಂದು ಏಳುತ್ತಿತ್ತು. ದಪ್ಪ ಎಲೆ, ಹಿಸುಕಿದರೆ ನೀರು. ಆಡು ಕಾಯುವ ನಮ್ಮಂಥ ಹುಡುಗರನ್ನು ಬಿಟ್ಟರೆ ಯಾರೂ ನೋಡುವಂಥದ್ದಲ್ಲ.

ಶ್ರಾವಣ ಬಂತೆಂದರೆ ಹೂ. ಅಂಗೈ ಮೇಲೆ ನಿನ್ನನ್ನು ಇಟ್ಟುಕೊಂಡು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಕಿರುಬೆರಳಿನ ಅರ್ಧದಷ್ಟು ಉದ್ದ. ಬುಡದಲ್ಲಿ ಉಬ್ಬಿದ ಬುರುಡೆ, ಅದರ ಮೇಲೆ ಸಪೂರ ಕೊಳವೆ, ತಲೆಯ ಮೇಲೆ ಐದು ಎಸಳು. ಬೇರೆ ಹೂಗಳ ಎಸಳು ಬಿಚ್ಚಿಕೊಳ್ಳುತ್ತವೆ. ನಿನ್ನವು ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು, ನಡುವೆ ಐದು ಕಿಟಕಿ ಬಿಟ್ಟು, ಗೂಡು ಕಟ್ಟುತ್ತಿದ್ದವು. ಮೈಯೆಲ್ಲ ಹಸಿರು ಕಲೆತ ಬಿಳುಪು, ಗೂಡಿಗೆ ನೇರಳೆ ಬಣ್ಣ. ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದ ಕಂದೀಲನ್ನು ದಿನಾ ನೋಡುವವರು ನಿನ್ನ ಹೆಸರು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಅಜ್ಜಿ, ಆಯಿ, ಕಂದೀಲ ಹೂ ಅನ್ನುತ್ತಿದ್ದಳು, ನಾವೂ ಅಂದೆವು.

ಕಂದೀಲಾದರೆ ಒಳಗೆ ಬತ್ತಿ ಎಲ್ಲಿ ಅಂತ ಒಮ್ಮೆ ಕೇಳಿದೆ. ಆಯಿ ಉಗುರಿನಿಂದ ಬುರುಡೆ ಸೀಳಿ ತೋರಿಸಿದಳು. ಸಾಸಿವೆಗಿಂತ ಸಣ್ಣ ಎರಡು ನೊಣ, ಜೀವಂತ. "ವಸ್ತಿಗೆ ಬಂದಾವ ಯವ್ವಾ, ಮುಂಜಾನಿ ಎದ್ದು ಹೋತಾವ" ಅಂದಳು. ರಾತ್ರಿ ಊರಿಗೆ ಬಂದು ನಿಂತು ನಸುಕಿಗೆ ಹೊರಡುವ ವಸ್ತಿ ಬಸ್ಸು ನನಗೆ ನೆನಪಾಯಿತು. ಆಯಿ ಮಕ್ಕಳಿಗೆ ಹೇಳುವ ಕತೆ ಹೇಳಿದಳು ಅಂದುಕೊಂಡಿದ್ದೆ. ಅವಳು ಹೇಳಿದ್ದು ಕಂಡ ಮಾತು ಎಂದು ತಿಳಿಯಲು ನನಗೆ 40 ವರ್ಷ ಹಿಡಿಯಿತು. ನಿನ್ನ ಕೊಳವೆಯ ಒಳಗೋಡೆಯ ತುಂಬ ಕೆಳಮುಖವಾದ ಕೂದಲು. ನೊಣ ಇಳಿಯಬಹುದು, ಹತ್ತಲಾರದು. ಒಳಗೆ ಓಡಾಡುವಾಗ ಪರಾಗದ ಪುಟ್ಟ ಗಂಟು ಅದರ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕೂದಲು ಬಾಡಿದ ಮೇಲೆ ದಾರಿ ತೆರೆದು ನೊಣ ಹೊರಗೆ ಬೀಳುತ್ತದೆ, ಇನ್ನೊಂದು ಕಂದೀಲಿಗೆ ವಸ್ತಿಗೆ ಹೋಗುತ್ತದೆ. ಬಂದ ಅತಿಥಿಯನ್ನು ನೀನು ಕೊಲ್ಲುತ್ತಿರಲಿಲ್ಲ.

ನಾವು ನಿನ್ನ ಗಡ್ಡೆ ತಿನ್ನುತ್ತಿದ್ದೆವು. ಇದನ್ನು ನಿನ್ನಿಂದ ಮುಚ್ಚಿಡಲಾರೆ. ಚಪ್ಪಟೆಯ ದುಂಡು ಗಡ್ಡೆ. ಸಿಪ್ಪೆ ಕೆರೆದರೆ ಬೆಳ್ಳಗೆ, ಕಚ್ಚಿದರೆ ಗರಗರ, ಸ್ವಲ್ಪ ಸಿಹಿ, ಹಿಂದಿನಿಂದ ಸಣ್ಣಗೆ ಕಹಿ. ಆದರೆ ಆಯಿಯ ಕಟ್ಟಳೆ ಒಂದಿತ್ತು. ಹೂ ಇದ್ದಾಗ ಅಗಿಯುವ ಹಾಗಿಲ್ಲ. ಬಳ್ಳಿಯ ಬುಡದಲ್ಲಿ ಮೂರು ಕಲ್ಲು ಗುರುತಿಗೆ ಇಡಬೇಕು. ಹೂ ಉದುರಿ, ಜೋಡಿ ಕೋಡಿನಂಥ ಕಾಯಿ ಬಿಟ್ಟು, ಅದು ಒಣಗಿ ಸಿಡಿದು, ಒಳಗಿನ ಬೀಜ ರೇಷ್ಮೆಯಂಥ ಎಳೆ ಬಿಚ್ಚಿಕೊಂಡು ಗಾಳಿಗೆ ಹಾರಿಹೋಗಬೇಕು. ಅಷ್ಟೊತ್ತಿಗೆ ಸೀಗಿ ಹುಣ್ಣಿಮೆ ಬಂದಿರುತ್ತದೆ, ಬಳ್ಳಿ ಒಣಗಿ ಹೇಳಹೆಸರಿಲ್ಲದಂತೆ ಆಗಿರುತ್ತದೆ. ಆಗ ಮೂರು ಕಲ್ಲು ಹುಡುಕಿ ಅಗಿಯಬೇಕು. "ಅದರ ಮಕ್ಕಳು ಮನಿ ಬಿಟ್ಟು ಹೋದ ಮ್ಯಾಲ ಅದನ್ನ ತಿನ್ನು" ಅನ್ನುತ್ತಿದ್ದಳು.

1972ರ ಬರಗಾಲದಲ್ಲಿ ನನಗೆ ಒಂಬತ್ತು ವರ್ಷ. ಅಪ್ಪ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋಗುತ್ತಿದ್ದರು. ಮನೆಯಲ್ಲಿ ರೇಷನ್ನಿನ ಕೆಂಪು ಜೋಳದ ರೊಟ್ಟಿ, ಅದೂ ಎಣಿಸಿ. ಆ ವರ್ಷ ಆಯಿ ಕೋಡು ಒಡೆಯುವ ತನಕ ಕಾಯಲಿಲ್ಲ. ಬಳ್ಳಿ ಕಂಡಲ್ಲಿ ಕುರ್ಚಿಗಿ ಹಾಕಿದಳು. ನಾನು ಬುಟ್ಟಿ ಹಿಡಿದು ಹಿಂದೆ. ನಾಲ್ಕು ಅಗಿದ ಮೇಲೆ ಐದನೆಯದನ್ನು ಕಂಡೂ ಮುಟ್ಟದೆ ಮುಂದೆ ಹೋದಳು. ನಾನು ಕೂಗಿ ತೋರಿಸಿದೆ. "ಕಂಡದ, ನಡಿ" ಅಂದಳು. ಹಾಗೆ ಐದಕ್ಕೊಂದನ್ನು ಬಿಡುತ್ತ ಹೋದಳು. ಹೊಟ್ಟೆಯಲ್ಲಿ ಬೆಂಕಿ ಇದ್ದಾಗ ಆ ಐದನೆಯದನ್ನು ಬಿಟ್ಟು ಮುಂದೆ ನಡೆಯಲು ಎಂಥ ಎದೆ ಬೇಕು ಎಂದು ನಾನೇ ಮಕ್ಕಳನ್ನು ಹೆತ್ತ ಮೇಲೆ ಗೊತ್ತಾಯಿತು. ಮಳೆ ಮರಳಿ ಬಂದ ವರ್ಷ ನೀನೂ ಮರಳಿ ಬಂದೆ. ಕಡಿಮೆ ಇದ್ದೆ, ಆದರೆ ಇದ್ದೆ. ಹಸಿವು ನಿನ್ನನ್ನು ಮುಗಿಸಲಿಲ್ಲ ಎಂಬ ಸಾಕ್ಷಿ ನಾನು ಹೇಳಬಲ್ಲೆ.

ಮದುವೆಯಾಗಿ ಹುಮನಾಬಾದಿಗೆ ಬಂದೆ, ಶಾಲೆಯಲ್ಲಿ ಕಲಿಸಲು ಸೇರಿದೆ. ಪ್ರತಿ ವರ್ಷ ಪಂಚಮಿಗೆ ತಮ್ಮ ಬಂದು ತವರಿಗೆ ಕರೆದುಕೊಂಡು ಹೋಗುತ್ತಿದ್ದ. ಜೋಕಾಲಿ ಆಡಿ, ಅಳ್ಳು ಉಂಡಿ ತಿಂದು, ಮರುದಿನ ಮಾಳಕ್ಕೆ. ನಾಗಪ್ಪನಿಗೆ ಹಾಲೆರೆಯುವ ಹೊತ್ತಿಗೆ ಸರಿಯಾಗಿ ನೀನು ಕವಳಿ ಕಂಟಿ ಹಿಡಿದು ಮೇಲೆ ಬಂದಿರುತ್ತಿದ್ದೆ. ನಾನೂ ನೀನೂ ಪಂಚಮಿಗೆ ತವರಿಗೆ ಬರುವವರು. ಆಯಿ ತೀರಿಕೊಂಡ ಮೇಲೆ, ಅವ್ವ ತೀರಿಕೊಂಡ ಮೇಲೆ, ಆ ಮನೆಯಲ್ಲಿ ನನಗಾಗಿ ಕಾದಿರುತ್ತಿದ್ದವಳು ನೀನೊಬ್ಬಳೇ ಅಂತ ಅನ್ನಿಸುತ್ತಿತ್ತು.

2008ರ ಪಂಚಮಿಗೆ ಹೋದಾಗ ಮಾಳ ಇರಲಿಲ್ಲ. ರಸ್ತೆ ಕೆಲಸಕ್ಕೆ ಮುರುಮು ಬೇಕಾಗಿತ್ತಂತೆ. ಬೇಸಿಗೆಯಲ್ಲಿ ಜೆಸಿಬಿ ಬಂದು, ಟಿಪ್ಪರ್‌ಗಳು ಸಾಲುಗಟ್ಟಿ ನಿಂತು, ಎರಡಾಳು ಆಳ ತೆಗೆದುಕೊಂಡು ಹೋಗಿದ್ದವು. ಹೊಂಡದಲ್ಲಿ ಕೆಂಪು ನೀರು. ದಂಡೆಯ ಮೇಲೆ ಬೇರು ಮೇಲಾಗಿ ಬಿದ್ದ ಕವಳಿ ಕಂಟಿಗಳು. ನಾನು ಹೊಂಡದ ಸುತ್ತ ಎರಡು ಸಲ ತಿರುಗಿದೆ. "ಖರಾಬದಾಗ ಏನದ ಅಕ್ಕಾ, ಬರೇ ಕಲ್ಲು. ನಾಕು ದುಡ್ಡು ಬಂದ್ವು" ಅಂದ ತಮ್ಮ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮಗನ ಕಾಲೇಜಿನ ಫೀಜು ಅವನಿಗೆ ಬೇಕಾಗಿತ್ತು, ಪಹಣಿ ಓದಿ ಅದರಲ್ಲಿ ಇದ್ದದ್ದನ್ನೇ ಹೇಳಿದ. ನಾನು ಏನಂದೆ ಕೇಳು. ಏನೂ ಅನ್ನಲಿಲ್ಲ. ಹಬ್ಬಕ್ಕೆ ಬಂದ ಮಗಳು ಹೊಲದ ಮಾತು ಆಡಬಾರದು. ಕುಪ್ಪಸದ ಕಣ ಉಡಿಯಲ್ಲಿ ಹಾಕಿಸಿಕೊಂಡು ಬಸ್ಸು ಹತ್ತಿದೆ.

ಆ ಮೌನದ ಹಿಂದೆ ಹಳೆಯ ಕಾಯಿದೆಯೂ ಇತ್ತು. ಆಸ್ತಿ ಹೇಗೆ ಹಂಚಬೇಕು ಎಂದು ದೇಶದ ಬಹುಪಾಲಿಗೆ ಹೇಳಿಕೊಟ್ಟ ಮಿತಾಕ್ಷರ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲೇ. ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ ಬರೆದದ್ದು. ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಪಾಲು ಎಂಬ ಆ ಮಾತು ಸುಮಾರು 900 ವರ್ಷ ನಡೆಯಿತು. 1994ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಸಮಪಾಲು ಎಂದಿತು, ಆದರೆ ಅಷ್ಟರಲ್ಲೇ ಮದುವೆಯಾಗಿದ್ದ ನನ್ನಂಥವರನ್ನು ಹೊರಗಿಟ್ಟಿತು. ನನಗೆ ಬಾಯಿ ಬಂದದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ಬಾಯಿ ಬಂದಿತ್ತು, 2008ರಲ್ಲಿ ಅದನ್ನು ತೆರೆಯಲಿಲ್ಲ. ಮೂರು ವರ್ಷದ ಮೇಲೆ ಮನೆ ಪಾಲಾಯಿತು. ತಮ್ಮಂದಿರು ಎರಿ ಹೊಲ ಹಂಚಿಕೊಂಡರು. ಅಕ್ಕನ ಹಕ್ಕಿಗೆ ಅಂತ ಎರಡು ಎಕರೆ ಮಸಬು ನೆಲ, ಅದಕ್ಕೆ ಅಂಟಿಕೊಂಡ ಆ ಖರಾಬು. ಕಾಗದಕ್ಕೆ ಸಹಿ ಮಾಡುವಾಗ ಸಂಕೋಚದಿಂದ ಅವರು ತಲೆ ತಗ್ಗಿಸಿದ್ದರು. ನಾನು ಸುಮ್ಮನೆ ಅತ್ತೆ. ಪಾಲು ಸಣ್ಣದಾಯಿತು ಅಂತ ಅತ್ತಳು ಎಂದು ಅವರು ತಿಳಿದರು.

ಹೊಂಡ ತಿಂದದ್ದು ಹೆಚ್ಚೂಕಡಿಮೆ ಒಂದು ಎಕರೆ. ಪೂರ್ವದ ಅಂಚಿಗೆ 11 ಗುಂಟೆಯಷ್ಟು ಕಲ್ಲು ಇನ್ನೂ ಹಾಗೇ ಇದೆ.

ಆ ಕಲ್ಲಿನ ಬಗ್ಗೆ ನಾಲ್ಕು ಮಾತು ಹೇಳಬೇಕು. ಅದನ್ನು ಬರೀ ಕಲ್ಲು ಅಂತ ತಳ್ಳಿಹಾಕಿದ್ದೇ ನಿನಗೆ ಕಂಟಕವಾಯಿತು. ಹಿಂದೆ ಈ ಸೀಮೆಯೆಲ್ಲ ಕರಿಕಲ್ಲಿನ ಹಾಸು, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಮಳೆ ಬಿಸಿಲಿಗೆ ಯುಗಯುಗಾಂತರ ಕೊಳೆತು, ಉಳಿದದ್ದು ಬಹುಪಾಲು ಕರಗಿಹೋಗಿ, ಕಬ್ಬಿಣ ಗಟ್ಟಿಯಾಗಿ ನಿಂತದ್ದು ಈ ಕೆಂಪು ಕಲ್ಲು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬಾತ ಮಲಬಾರಿನ ಅಂಗಾಡಿಪುರಂನಲ್ಲಿ ನೋಡಿದ ಇಂಥದೇ ಕಲ್ಲಿಗೆ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥ ಬರುವ ಹಾಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಮಳೆ ನೀರು ಇದರ ತೂತುಗಳಲ್ಲಿ ಇಳಿದು, ಕೆಳಗೆ ಕರಿಕಲ್ಲು ಸಿಕ್ಕಲ್ಲಿ ನಿಂತು, ಅಡ್ಡಕ್ಕೆ ಹರಿಯುತ್ತದೆ. ಬೀದರಿನಲ್ಲಿ ಬಹಮನಿಗಳ ಕಾಲದವರು ಆ ಗುಟ್ಟು ತಿಳಿದೇ ಸುರಂಗ ಬಾವಿ ತೋಡಿಸಿ ಊರಿಗೆ ನೀರು ತಂದರು. ನಮ್ಮ ಮಾಳವೂ ಕೆಳಗಿನ ಬಾವಿಗೆ ಹಾಗೇ ನೀರು ಇಳಿಸುತ್ತಿತ್ತು. ಮೊದಲು ಶಿವರಾತ್ರಿ ತನಕ ನೀರಿರುತ್ತಿದ್ದ ಆ ಬಾವಿ ಈಗ ಎಳ್ಳ ಅಮಾಸಿಗೇ ತಳ ಕಾಣಿಸುತ್ತದೆ.

2016ರ ಸೆಪ್ಟೆಂಬರಿನಲ್ಲಿ ಶಾಲೆಯ ಗೆಳತಿಯರ ಜೊತೆ ಕಾಸ್‌ಗೆ ಹೋಗಿದ್ದೆ. ಸೊಲ್ಲಾಪುರ, ಪಂಢರಪುರ ದಾಟಿ ಸಾತಾರಾ, ಅಲ್ಲಿಂದ ಘಾಟಿ ಹತ್ತಿದರೆ ಸುಮಾರು 1,200 ಮೀಟರ್ ಎತ್ತರದ ಮಾಳ. ಗಾಡಿಯಿಂದ ಇಳಿದು ಕಾಲಿಟ್ಟೆ, ಅಂಗಾಲಿಗೆ ಗುರುತು ಸಿಕ್ಕಿತು: ಅದೇ ಕೆಂಪು ಕಲ್ಲು, ಅದೇ ತೂತುಗಳು, ಅಂಗೈಯಷ್ಟೂ ದಪ್ಪವಿಲ್ಲದ ಮಣ್ಣು. ಆ ಬಡ ಮಣ್ಣಿನ ಮೇಲೆ ಸುಮಾರು 850 ಬಗೆಯ ಹೂಗಿಡಗಳು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಮಾಳವೂ ಅದರಲ್ಲಿತ್ತು. ಸುತ್ತಲಿನ ಹಳ್ಳಿಯವರದೇ ಸಮಿತಿ, ಚೀಟಿ, ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕ. ಊರೂರಿನಿಂದ ಬಂದವರು ಕಾಲಿಡುವ ಮುಂಚೆ ನೆಲ ನೋಡಿಕೊಂಡು ನಡೆಯುತ್ತಿದ್ದರು. ನಮ್ಮ ಹೊಂಡ ಕಣ್ಣ ಮುಂದೆ ಬಂದು ನನ್ನ ಗಂಟಲು ಕಟ್ಟಿತು.

ದಾರಿ ತೋರಿಸಲು ಬಂದ ಹುಡುಗ ಒಂದು ಕಡೆ ಮೊಣಕಾಲೂರಿ ಕೂತು ಹುಲ್ಲು ಸರಿಸಿದ. ಗೇಣುದ್ದದ ಗಿಡ, ತುದಿಯಲ್ಲಿ ಕಡು ನೇರಳೆಯ ಹೂ. ಬುಡದಲ್ಲಿ ಬುರುಡೆ, ಮೇಲೆ ಕೊಳವೆ. "ಕಂದೀಲ!" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು. ಅವನು ತಲೆ ಎತ್ತಿ ನೋಡಿದ. ಕಂದೀಲ್‌ಪುಷ್ಪ, ನಿಮಗೆ ಹೇಗೆ ಗೊತ್ತು ಎಂದು ಮರಾಠಿಯಲ್ಲಿ ಕೇಳಿದ. ಆಯಿ ಓದಿದವಳಲ್ಲ, ಮಂಠಾಳದಿಂದ ಆಚೆ ಸೊಲ್ಲಾಪುರ ಕೂಡ ನೋಡಿದವಳಲ್ಲ. ಅವಳಿಟ್ಟ ಹೆಸರನ್ನೇ ಸಹ್ಯಾದ್ರಿಯ ನೆತ್ತಿಯ ಮೇಲೂ ಇಟ್ಟಿದ್ದರು.

ಅಲ್ಲಿ ಕಂಡದ್ದು ನೀನಲ್ಲ, ನಿನ್ನ ಬಳಗ. ಸೆರೊಪೀಜಿಯಾ ಜೈನಿಯೈ ಎಂಬ ಹೆಸರಿನವಳು, ಸಹ್ಯಾದ್ರಿಯ ಕೆಲವೇ ಮಾಳಗಳು ಅವಳ ಮನೆ. ಊರಿಗೆ ಬಂದು ಸಸ್ಯಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರ ಎದುರು ಕೂತು ನಿನ್ನ ಎಲೆ, ಗಡ್ಡೆ, ಕೋಡು ಎಲ್ಲ ಬಿಡಿಸಿ ಹೇಳಿದೆ. ಸೆರೊಪೀಜಿಯಾ ಬಲ್ಬೋಸಾ ಎಂದು ನಿನ್ನ ಹೆಸರು ಹೇಳಿದರು. 1795ರಲ್ಲಿ ಲಂಡನ್ನಿನಲ್ಲಿ ಅಚ್ಚಾಗತೊಡಗಿದ, ಕೋರಮಂಡಲ ತೀರದ ಗಿಡಗಳ ಕುರಿತ ವಿಲಿಯಂ ರಾಕ್ಸ್‌ಬರ್ಗನ ದೊಡ್ಡ ಪುಸ್ತಕದಲ್ಲಿ ನಿನ್ನ ಚಿತ್ರ ಇದೆ. ಹನುಮಪ್ಪನ ಗುಡಿಗೆ ಒಯ್ಯುವ ಎಕ್ಕ ನಿನ್ನ ದೂರದ ನಂಟ. ನಿನ್ನ ಕುಲದವರು ಭಾರತದಲ್ಲಿ ಐವತ್ತಕ್ಕೂ ಹೆಚ್ಚು ಬಗೆ, ಅರ್ಧಕ್ಕಿಂತ ಜಾಸ್ತಿ ಬೇರೆ ದೇಶದಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಮಗನ ಬಾಲ್ಕನಿಯಲ್ಲಿ, ಹೃದಯದಾಕಾರದ ಎಲೆಗಳ ಬಳ್ಳಿಯೊಂದು ಕುಂಡದಿಂದ ಜೋತುಬಿದ್ದಿದೆ. ಆಫ್ರಿಕಾದ ದಕ್ಷಿಣ ಭಾಗದಿಂದ ಲೋಕಕ್ಕೆಲ್ಲ ಹಬ್ಬಿದ ನಿನ್ನ ಚಿಕ್ಕಪ್ಪನ ಮಗಳು ಅವಳು. ಅದರಲ್ಲಿ ಹೂ ಬಿಟ್ಟ ದಿನ ಸೊಸೆಯನ್ನು ಕರೆದು, ನಿನ್ನ ಕತೆ ಹೇಳಿದೆ.

ನೀನು ಲೋಕದಿಂದ ಅಳಿದಿಲ್ಲ, ಇದು ನನಗೆ ಸಮಾಧಾನ. ರಾಜಸ್ಥಾನದಿಂದ ತಮಿಳುನಾಡಿನವರೆಗೆ ಒಣ ಗುಡ್ಡಗಳಲ್ಲಿ ನಿನ್ನವರು ಇದ್ದಾರೆ. ಆದರೆ ಸಹ್ಯಾದ್ರಿಯ ಹರಿಶ್ಚಂದ್ರಗಡದ ಕಂದೀಲಿನ ಯೋಚನೆ ಬರುತ್ತದೆ. ಸೆರೊಪೀಜಿಯಾ ಲಾವಿಯೈ ಎಂಬ ಅವಳಿಗೆ ಆ ಗಡ, ಅದರ ಅಕ್ಕಪಕ್ಕದ ಗುಡ್ಡ, ಅಷ್ಟೇ ಭೂಮಿ. ಅಲ್ಲಿನ ಕಲ್ಲನ್ನು ಯಾರಾದರೂ ಪಹಣಿಯಲ್ಲಿ ಖರಾಬು ಎಂದು ಓದಿ ಟಿಪ್ಪರ್ ತಂದರೆ ಎರಡು ಬೇಸಿಗೆ ಸಾಕು. ಆಮೇಲೆ ಯಾವ ಮಗಳು ಯಾವ ಮಾಳಕ್ಕೆ ಹೋಗಿ ಹುಡುಕಬೇಕು?

ಹೋದವರು ಬರುವುದೂ ಉಂಟು. 1919ರಲ್ಲಿ ಸೆಡ್ಜ್‌ವಿಕ್ ಮತ್ತು ಬೆಲ್ ಎಂಬ ಇಬ್ಬರು ಅಧಿಕಾರಿಗಳು ಜೋಗದ ಗುಂಡಿಯ ತುಂತುರಿನಲ್ಲಿ ಒಂದು ಹುಲ್ಲು ಕಿತ್ತುಕೊಂಡು ಹೋದರು. ಅದರ ಸಣ್ಣ ಹೂವಿನ ಹೊರಪೊರೆಗೆ ಏಳು ನರ, ಹೆಸರಿನಲ್ಲೂ ಏಳು ನರ: ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್. ಅಲ್ಲಿ ಬಿಟ್ಟು ಅದು ಬೇರೆಲ್ಲೂ ಕಂಡಿರಲಿಲ್ಲ. ಶರಾವತಿಗೆ ಅಣೆಕಟ್ಟು ಬಂತು, ತುಂತುರು ಬತ್ತಿತು, ಹುಡುಕಿದವರಿಗೆ ಹುಲ್ಲು ಸಿಗಲಿಲ್ಲ. ಅಳಿಯಿತು ಎಂದೇ ಎಣಿಸಿದರು. ಶಾಲೆಯ ಮಕ್ಕಳನ್ನು ಜೋಗಕ್ಕೆ ಕರೆದೊಯ್ದಾಗ ಆ ಕತೆ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದೆ. 2002ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಯಾದವ್ ಮೇಷ್ಟ್ರು ಮತ್ತು ಅವರ ಜೊತೆಗಾರರಿಗೆ ತಿಲಾರಿ ಘಾಟಿಯಲ್ಲಿ, ನೀರು ಜಿನುಗುವ ಬಂಡೆಯ ಮೇಲೆ ಅದು ಮತ್ತೆ ಕಾಣಿಸಿತು. 83 ವರ್ಷ! ನಿನ್ನದು ಇನ್ನೂ 17.

ಗಡ್ಡೆಯ ಮೇಲೆ ನನಗೆ ನಂಬಿಕೆ. ಬರಗಾಲದಲ್ಲಿ ನೆಲದೊಳಗೆ ಮುಖ ಮುಚ್ಚಿಕೊಂಡು ಮಲಗಿ ಬದುಕಿದವಳು ನೀನು. ಆ 11 ಗುಂಟೆಯಲ್ಲಿ ಎಲ್ಲಾದರೂ ಒಂದು ಗಡ್ಡೆ ಉಳಿದಿರಬಹುದು ಎಂದು ಪ್ರತಿ ವರ್ಷ ನೋಡಿದ್ದೇನೆ, ಆದರೆ ಹಬ್ಬದ ಗಡಿಬಿಡಿಯಲ್ಲಿ, ಮೇಲಿಂದ ಮೇಲೆ. ಈಗ ನಿವೃತ್ತಿಯಾಗಿದೆ, ಮೊಣಕಾಲು ಇನ್ನೂ ಬಗ್ಗುತ್ತದೆ. ಅಲ್ಲಿ ಗಿಡ ನೆಟ್ಟು ಹಸಿರು ಮಾಡೋಣ ಅಂತ ಒಳ್ಳೆಯ ಮನಸ್ಸಿನವರು ಬಂದಿದ್ದರು. ಕೈಮುಗಿದು ಬೇಡ ಎಂದೆ. ನೆರಳು ಬಿದ್ದರೆ ನಿನಗಾಗದು, ಗೊಬ್ಬರ ಬಿದ್ದರೆ ಹುಲ್ಲು ಎತ್ತರವಾಗಿ ನಿನ್ನನ್ನು ಮುಚ್ಚುತ್ತದೆ. ತಂತಿ ಬೇಲಿಯನ್ನೂ ಹಾಕಿಸಿಲ್ಲ. ಮೊದಲಿನ ಹಾಗೆ ಆಡು ಬಂದು ಮೇದು ಹೋಗಲಿ. ಆಯಿ ಇದ್ದಾಗ ಆ ಮಾಳ ಹೇಗಿತ್ತೋ ಹಾಗೆ ಬಿಟ್ಟಿದ್ದೇನೆ. ಮುರುಮು ಕೇಳಲು ಮೊನ್ನೆ ಮತ್ತೆ ಒಬ್ಬರು ಬಂದಿದ್ದರಂತೆ. "ಅದು ಅಕ್ಕನ ಹೆಸರೀಲೆ ಅದ, ಅಕಿ ಕೊಡಲ್ಲ" ಅಂತ ತಮ್ಮನೇ ಹೇಳಿ ಕಳಿಸಿದನಂತೆ.

ಪಂಚಮಿಗೆ ಬರುತ್ತೇನೆ. ಪೂರ್ವದ ಅಂಚಿನಲ್ಲಿ ಏಳು ಕವಳಿ ಕಂಟಿ ಉಳಿದಿವೆ. ಒಂದೊಂದರ ಬುಡಕ್ಕೂ ಕೂತು, ಹುಲ್ಲು ಸರಿಸಿ ನೋಡುತ್ತೇನೆ. ನೀನು ಕಂಡರೆ ಮುಟ್ಟುವುದಿಲ್ಲ. ಬುಡದಲ್ಲಿ ಮೂರು ಕಲ್ಲು ಇಟ್ಟು ಬರುತ್ತೇನೆ.

ಇಂತಿ,
ಮಂಠಾಳದ ಮನೆಮಗಳು